ಕೇಳಿದ್ದು ಹೆಸರು, ಬಂದದ್ದು ದಾರಿ: ಪಾತ್ ಟ್ರಾವರ್ಸಲ್ ಬಗ್ಗೆ ಒಂದು ಪಾಠ

ತಾಂತ್ರಿಕ ಪಾಠ ಅಂದರೆ ಸಾಮಾನ್ಯವಾಗಿ ಬೇರೆ ಯಾರದೋ ತಪ್ಪಿನ ಕಥೆ ಹೇಳ್ತೀವಿ. ಈ ಸಲ ನಮ್ಮದೇ ತಪ್ಪಿನಿಂದ ಶುರು ಮಾಡ್ತೀವಿ.

ಕನ್ನಡ ಸಂಘದ ಹಳೇ ಸಂಚಿಕೆಗಳನ್ನೆಲ್ಲ ಸ್ಕ್ಯಾನ್ ಮಾಡಿ ಒಂದು ಜಾಲತಾಣಕ್ಕೆ ಹಾಕಬೇಕು ಅನ್ನೋದು ನಮಗೆ ಬಹಳ ದಿನದ ಆಸೆ. ನಾಲ್ಕು ಜನ ಸೇರಿ, ಪೈಥಾನ್ ಮತ್ತು ಫ್ಲಾಸ್ಕ್ ಹಿಡಿದು, ಎರಡು ವಾರದಲ್ಲಿ ತಾಣ ಕಟ್ಟಿದೆವು. ಸಂಚಿಕೆಯ ಹೆಸರಿನ ಮೇಲೆ ಒತ್ತಿದರೆ ಪಿಡಿಎಫ್ ತೆರೆದುಕೊಳ್ಳುತ್ತೆ, ಅಷ್ಟೇ ಕೆಲಸ. ಅದೇ ಸರ್ವರ್‌ನ ಇನ್ನೊಂದು ಫೋಲ್ಡರಿನಲ್ಲಿ ಸಂಪಾದಕರ ಕಡತಗಳಿದ್ದವು. ಅದರಲ್ಲೊಂದು, ಗುಪ್ತನಾಮದಲ್ಲಿ ಬರೆಯುವವರ ನಿಜವಾದ ಹೆಸರುಗಳ ಪಟ್ಟಿ. ಮನೆಯ ಜಗಳ, ಹಾಸ್ಟೆಲಿನ ಒಂಟಿತನ, ಬ್ಯಾಕ್ ಉಳಿದ ಸಬ್ಜೆಕ್ಟು, ಇವನ್ನೆಲ್ಲ ಸ್ವಂತ ಹೆಸರು ಹಾಕಿ ಬರೆಯೋಕೆ ಎಲ್ಲರಿಗೂ ಧೈರ್ಯ ಬರಲ್ಲ. "ಈ ಪಟ್ಟಿ ಯಾರ ಕಣ್ಣಿಗೂ ಬೀಳಲ್ಲ" ಅಂತ ನಾವೇ ಅವರಿಗೆ ಮಾತು ಕೊಟ್ಟಿದ್ದೆವು.

ತಾಣವನ್ನು ಎಲ್ಲರಿಗೂ ತೆರೆಯುವ ಹಿಂದಿನ ಸಂಜೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುತ್ತಾ ಕೂತಿದ್ದೆವು. ಮೂರನೇ ಸೆಮ್‌ನ ಹುಡುಗಿಯೊಬ್ಬಳು ಮೊಬೈಲಿನಲ್ಲಿ ತಾಣ ನೋಡುತ್ತಾ ಲಿಂಕಿನ ಕೊನೆಯ ತುಂಡನ್ನು ತಿದ್ದಿ ತಿದ್ದಿ ಆಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಮೊಬೈಲನ್ನು ನಮ್ಮ ಕಡೆ ತಿರುಗಿಸಿದಳು. "ಅಣ್ಣ, ಇದು ಬರಬಾರದಿತ್ತು ಅಲ್ವಾ?"

ತೆರೆಯ ಮೇಲೆ ಆ ಪಟ್ಟಿ ಇತ್ತು. ಪಾಸ್‌ವರ್ಡ್ ಕೇಳಲಿಲ್ಲ, ಲಾಗಿನ್ ಕೇಳಲಿಲ್ಲ. ಇಡ್ಲಿ ತಟ್ಟೆಯಲ್ಲೇ ಉಳಿಯಿತು. ಹೋಟೆಲಿನ ಬೆಂಚಿನ ಮೇಲೇ ಲ್ಯಾಪ್‌ಟಾಪ್ ತೆಗೆದು ತಾಣ ಮುಚ್ಚಿದೆವು.

ಅವಳು ಕಂಡುಹಿಡಿದ ದೋಷದ ಹೆಸರು ಪಾತ್ ಟ್ರಾವರ್ಸಲ್. ಡೈರೆಕ್ಟರಿ ಟ್ರಾವರ್ಸಲ್ ಅಂತಲೂ ಕರೀತಾರೆ. ತಂತ್ರಾಂಶದ ದೌರ್ಬಲ್ಯಗಳನ್ನು ಪಟ್ಟಿ ಮಾಡುವ ಸಿಡಬ್ಲ್ಯುಇ ಯಾದಿಯಲ್ಲಿ ಇದರ ಸಂಖ್ಯೆ 22. ಆ ಯಾದಿಯವರು 2024ರಲ್ಲಿ ಪ್ರಕಟಿಸಿದ ಅತಿ ಅಪಾಯಕಾರಿ 25 ದೌರ್ಬಲ್ಯಗಳಲ್ಲಿ ಇದಕ್ಕೆ 5ನೇ ಸ್ಥಾನ. ಹಳೇ ರೋಗ, ಆದರೆ ಹೋಗಿಲ್ಲ.

ಎರಡು ಚುಕ್ಕಿ, ಒಂದು ಗೆರೆ

ಕಂಪ್ಯೂಟರಿನ ಫೋಲ್ಡರುಗಳು ನಮ್ಮ ಊರಿನ ವಿಳಾಸದ ಹಾಗೆ, ಒಂದರೊಳಗೊಂದು. ಕ್ಯಾತ್ಸಂದ್ರವನ್ನು ಹೀಗೆ ಬರೆಯೋಣ:

/ತುಮಕೂರು-ಜಿಲ್ಲೆ/ತುಮಕೂರು/ಕ್ಯಾತ್ಸಂದ್ರ

ಇಲ್ಲಿ ../ ಅಂದರೆ "ಒಂದು ಮೆಟ್ಟಿಲು ಮೇಲಕ್ಕೆ ಹೋಗು". ಕ್ಯಾತ್ಸಂದ್ರದಲ್ಲಿ ನಿಂತು ../ ಅಂದರೆ ತುಮಕೂರು. ಇನ್ನೊಂದು ../ ಸೇರಿಸಿದರೆ ಜಿಲ್ಲೆ. ಅಲ್ಲಿಂದ ಯಾವ ತಾಲ್ಲೂಕಿಗೆ ಬೇಕಾದರೂ ಇಳಿಯಬಹುದು. ಅಂದರೆ ಕ್ಯಾತ್ಸಂದ್ರದಲ್ಲಿ ನಿಂತು ../../ಕುಣಿಗಲ್ ಅಂತ ಬರೆದರೆ ತಲುಪೋದು ಕುಣಿಗಲ್‌ಗೆ, ../../ಗುಬ್ಬಿ ಅಂತ ಬರೆದರೆ ಗುಬ್ಬಿಗೆ. ಇದರಲ್ಲಿ ಮೋಸ ಏನೂ ಇಲ್ಲ. ಟರ್ಮಿನಲ್‌ನಲ್ಲಿ ನಾವು ದಿನಾ ಬಳಸುವ ಸೌಲಭ್ಯವೇ ಇದು.

ಹೊರಗಿನವರು ಕೊಟ್ಟ ಅಕ್ಷರಗಳನ್ನು ನಮ್ಮ ಪ್ರೋಗ್ರಾಂ ಕಣ್ಣುಮುಚ್ಚಿ ವಿಳಾಸಕ್ಕೆ ಅಂಟಿಸಿದಾಗ ತೊಂದರೆ ಶುರು. ನಮ್ಮ ಕೋಡು ಹೀಗಿತ್ತು. ಲೇಖನದಲ್ಲಿ ಎಲ್ಲವನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇವೆ, ಲ್ಯಾಬಿನಲ್ಲಿ ಮಾಡುವಾಗ ಭಾಷೆಯ ಮೂಲ ಪದಗಳನ್ನು ಹಾಕಿಕೊಳ್ಳಿ:

ಹೆಸರು = ರಿಕ್ವೆಸ್ಟ್.ಆರ್ಗ್ಸ್["ಫೈಲ್"]
ಹೆಸರು = ಹೆಸರು.ರಿಪ್ಲೇಸ್("../", "")
ದಾರಿ = ಓಎಸ್.ಪಾತ್.ಜಾಯಿನ್("/ಸಂಘ/ಸಂಚಿಕೆಗಳು", ಹೆಸರು)
ರಿಟರ್ನ್ ಸೆಂಡ್_ಫೈಲ್(ದಾರಿ)

ನಾವು ಕೇಳಿದ್ದು ಫೈಲಿನ ಹೆಸರು. ಆದರೆ ಆ ಪೆಟ್ಟಿಗೆಯಲ್ಲಿ ದಾರಿಯನ್ನೂ ಬರೆದು ಕಳಿಸಬಹುದು. ಹೆಸರು ಬೇರೆ, ದಾರಿ ಬೇರೆ. ಈ ವ್ಯತ್ಯಾಸ ಮರೆತದ್ದೇ ನಮ್ಮ ತಪ್ಪು.

ಎರಡನೇ ಸಾಲಿನಲ್ಲಿ ../ ಅಳಿಸಿದ್ದೀವಲ್ಲ, ಮತ್ತೆ ಹೇಗೆ ಆಯ್ತು ಅಂತ ಕೇಳಬಹುದು. ಅವಳು ಕಳಿಸಿದ್ದು ಇದು:

....//ಸಂಪಾದಕರು/ನಿಜನಾಮ.ಸಿಎಸ್‌ವಿ

ಪೆನ್ನು ತಗೊಂಡು ಮೊದಲ ಆರು ಚಿಹ್ನೆಗಳನ್ನು ಬರೆಯಿರಿ: ನಾಲ್ಕು ಚುಕ್ಕಿ, ಎರಡು ಗೆರೆ. ನಡುವಿನ ../ ಅನ್ನು ಹೊಡೆದು ಹಾಕಿ. ಉಳಿದದ್ದೇನು? ಮತ್ತೆ ../ ತಾನೇ! ನಮ್ಮ ಸೋಸುವ ಸಾಲೇ ಅವಳಿಗೆ ಬೇಕಾದ ದಾರಿಯನ್ನು ಕಟ್ಟಿಕೊಟ್ಟಿತು.

ಒಂದು ವೇಳೆ ಆ ಸಾಲು ಸರಿಯಾಗಿದ್ದರೂ ಮೂರನೇ ಸಾಲು ಕೈಕೊಡುತ್ತಿತ್ತು. ಪೈಥಾನಿನ ಜಾಯಿನ್‌ಗೆ ಎರಡನೇ ತುಂಡು ಗೆರೆಯಿಂದ ಶುರುವಾದರೆ ಅದು ಮೊದಲನೇ ತುಂಡನ್ನು ಪೂರ್ತಿ ಬಿಸಾಕಿಬಿಡುತ್ತೆ. ಹೆಸರಿನ ಜಾಗದಲ್ಲಿ /ಸಂಘ/ಸಂಪಾದಕರು/ನಿಜನಾಮ.ಸಿಎಸ್‌ವಿ ಅಂತ ಕೊಟ್ಟರೆ ಸಾಕು, ಚುಕ್ಕಿಗಳೇ ಬೇಡ. ನೋಡ್.ಜೆಎಸ್‌ನ ಪಾತ್.ಜಾಯಿನ್ ಹೀಗೆ ಮಾಡಲ್ಲ, ಅಂಟಿಸುತ್ತೆ. ಅದೇ ನೋಡ್‌ನ ಪಾತ್.ರಿಸಾಲ್ವ್ ಮಾಡುತ್ತೆ. ಒಂದೇ ಥರದ ಹೆಸರು, ಬೇರೆ ಬೇರೆ ನಡವಳಿಕೆ. ಒಂದು ಭಾಷೆಯಲ್ಲಿ ಕಲಿತದ್ದು ಇನ್ನೊಂದರಲ್ಲೂ ನಡೆಯುತ್ತೆ ಅಂತ ನಂಬಬೇಡಿ.

ಕನ್ನಡ ಹೆಸರು ಕೊಟ್ಟರೆ ಏನಾಯ್ತು

ಇನ್ನೊಂದು ಪ್ರಶ್ನೆ ನ್ಯಾಯವಾದದ್ದು. ಫ್ಲಾಸ್ಕ್ ಜೊತೆಗೇ ಬರುವ ವರ್ಕ್‌ಜ್ಯೂಗ್ ಲೈಬ್ರರಿಯಲ್ಲಿ ಸೆಕ್ಯೂರ್_ಫೈಲ್‌ನೇಮ್ ಅನ್ನೋ ಫಂಕ್ಷನ್ ಇದೆ. ಅಪ್‌ಲೋಡ್ ಆದ ಫೈಲಿನ ಹೆಸರನ್ನು ಸುರಕ್ಷಿತ ಮಾಡೋದೇ ಅದರ ಕೆಲಸ. ಅದನ್ನು ಯಾಕೆ ಬಳಸಲಿಲ್ಲ?

ಬಳಸಿದ್ದೆವು. ಮೊದಲ ದಿನ 'ಯುಗಾದಿ ಸಂಚಿಕೆ.ಪಿಡಿಎಫ್' ಏರಿಸಿದೆವು, ಆಮೇಲೆ 'ರಾಜ್ಯೋತ್ಸವ ಸಂಚಿಕೆ.ಪಿಡಿಎಫ್', ಆಮೇಲೆ 'ಹಾಸ್ಟೆಲ್ ವಿಶೇಷಾಂಕ.ಪಿಡಿಎಫ್'. ಫೋಲ್ಡರ್ ತೆಗೆದು ನೋಡಿದರೆ ಒಂದೇ ಫೈಲು. ಅದರ ಹೆಸರು ಬರೀ 'ಪಿಡಿಎಫ್'.

ಕಾರಣ ಸರಳ. ಆ ಫಂಕ್ಷನ್ ಇಂಗ್ಲಿಷ್ ಅಕ್ಷರ, ಅಂಕಿ, ಚುಕ್ಕಿ, ಅಡ್ಡಗೆರೆಗಳಂಥ ಕೆಲವನ್ನು ಮಾತ್ರ ಉಳಿಸಿಕೊಂಡು ಮಿಕ್ಕದ್ದನ್ನೆಲ್ಲ ಉದುರಿಸುತ್ತೆ. ನಮ್ಮ ಹೆಸರಿನ ಕನ್ನಡವೆಲ್ಲ ಹೋಯ್ತು. ಇಂಗ್ಲಿಷಿನಲ್ಲಿದ್ದ ಬಾಲ '.ಪಿಡಿಎಫ್' ಉಳಿಯಿತು. ತುದಿಯ ಚುಕ್ಕಿಯನ್ನೂ ಅದು ಕೀಳುತ್ತೆ. ಹಾಗಾಗಿ ಮೂರೂ ಸಂಚಿಕೆಗೆ ಒಂದೇ ಹೆಸರು, ಒಂದರ ಮೇಲೊಂದು ಬರೆದುಕೊಂಡು ಕೊನೆಯದು ಮಾತ್ರ ಉಳಿಯಿತು. ಫಂಕ್ಷನ್ ಖಾಲಿ ಹೆಸರು ಕೊಡಬಹುದು, ಹೆಸರು ಬೇರೆ ಬೇರೆ ಆಗಿರುವಂತೆ ನೋಡಿಕೊಳ್ಳೋದು ನಿಮ್ಮ ಹೊಣೆ ಅಂತ ಅದರ ದಾಖಲೆಯಲ್ಲೇ ಬರೆದಿದೆ. ನಾವು ಓದಿರಲಿಲ್ಲ.

"ಕನ್ನಡ ತಿಂದುಹಾಕೋ ಫಂಕ್ಷನ್ ನಮಗ್ಯಾಕೆ ಮಗಾ" ಅಂತ ನಮ್ಮಲ್ಲೊಬ್ಬ ಅದನ್ನು ಕಿತ್ತು, ಆ ಜಾಗದಲ್ಲಿ ರಿಪ್ಲೇಸ್ ಸಾಲು ಹಾಕಿದ. ನಾವೆಲ್ಲ ಚಪ್ಪಾಳೆ ಹೊಡೆದೆವು. ಕನ್ನಡ ಉಳೀತು, ಬಾಗಿಲು ತೆರೆಯಿತು. ಅವನೊಬ್ಬನ ತಪ್ಪಲ್ಲ ಇದು. ಕೋಡ್ ನೋಡಿ ಒಪ್ಪಿದವರು ನಾಲ್ಕೂ ಜನ.

ಕನ್ನಡ ಹೆಸರಿನಲ್ಲಿ ತಾಣ ಕಟ್ಟುವ ಯಾರಿಗಾದರೂ ಈ ಘಟ್ಟ ಬಂದೇ ಬರುತ್ತೆ. ಅದಕ್ಕೇ ಇಷ್ಟು ಬಿಡಿಸಿ ಹೇಳಿದೆವು.

ತೊಳೆದರೂ ಹೋಗದ ಕೊಳೆ

ಕೆಟ್ಟ ಅಕ್ಷರಗಳನ್ನು ಹುಡುಕಿ ಅಳಿಸುವ ವಿಧಾನ ಯಾಕೆ ಪದೇ ಪದೇ ಸೋಲುತ್ತೆ? ಒಂದೇ ಅಕ್ಷರವನ್ನು ಹಲವು ವೇಷದಲ್ಲಿ ಕಳಿಸಬಹುದು, ಅದಕ್ಕೆ.

ವೆಬ್ ವಿಳಾಸದಲ್ಲಿ 'ಕ' ಅಕ್ಷರ ಹಾಗೆಯೇ ಪ್ರಯಾಣ ಮಾಡಲ್ಲ. ಯುಟಿಎಫ್-8ರಲ್ಲಿ ಅದು ಮೂರು ಬೈಟು, ಅವು %ಇ0%ಬಿ2%95 ಅಂತ ಹೋಗುತ್ತವೆ. ಸರ್ವರ್ ಅದನ್ನು ಬಿಡಿಸಿ ಮತ್ತೆ 'ಕ' ಮಾಡುತ್ತೆ. ಕನ್ನಡವನ್ನು ಹೊತ್ತು ತರುವ ಇದೇ ಗಾಡಿಯಲ್ಲಿ ಚುಕ್ಕಿಯನ್ನೂ ಮುಚ್ಚಿ ತರಬಹುದು: %2ಇ ಅಂದರೆ ಚುಕ್ಕಿ, %2ಎಫ್ ಅಂದರೆ ಗೆರೆ. ಶೇಕಡಾ ಚಿಹ್ನೆಯನ್ನೇ ಇನ್ನೊಮ್ಮೆ ಮುಚ್ಚಿದರೆ %252ಇ. ಒಂದು ಸಲ ಬಿಡಿಸಿ ತಪಾಸಣೆ ಮಾಡಿ, ಒಳಗೆ ಇನ್ನೊಂದು ಕಡೆ ಎರಡನೇ ಸಲ ಬಿಡಿಸಿದರೆ ಚುಕ್ಕಿ ಹೊರಬರೋದು ತಪಾಸಣೆ ಮುಗಿದ ಮೇಲೆ.

ಇದು ಬರೀ ಊಹೆ ಅಲ್ಲ. 2000ನೇ ಇಸವಿ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟಿನ ಐಐಎಸ್ ವೆಬ್ ಸರ್ವರ್‌ನಲ್ಲಿ ಇಂಥದ್ದೇ ದೋಷಕ್ಕೆ ತುರ್ತು ಪ್ರಕಟಣೆ ಬಂತು. ಗೆರೆಯನ್ನು ಒಂದು ಬೈಟಿನ ಬದಲು %ಸಿ0%ಎಎಫ್ ಅನ್ನೋ ಎರಡು ಬೈಟಿನ ತಪ್ಪು ರೂಪದಲ್ಲಿ ಕಳಿಸಿದರೆ ಸರ್ವರ್ ಅದನ್ನು ಮೊದಲು ಗುರುತಿಸುತ್ತಿರಲಿಲ್ಲ, ಆಮೇಲೆ ಗೆರೆ ಅಂತಲೇ ಓದುತ್ತಿತ್ತು. ಮರುವರ್ಷ ಸೆಪ್ಟೆಂಬರಿನಲ್ಲಿ ಹರಡಿದ ನಿಮ್ಡಾ ವರ್ಮ್ ಬಳಸಿದ ದಾರಿಗಳಲ್ಲಿ ಇದೂ ಒಂದು. ಪ್ಯಾಚ್ ಬಂದು ಸುಮಾರು ಒಂದು ವರ್ಷ ಆಗಿತ್ತು, ಹಾಕಿಕೊಳ್ಳದವರೇ ಬಹಳ.

ಇಪ್ಪತ್ತೊಂದು ವರ್ಷ ಆದಮೇಲೆ ಅಪಾಚೆ ಸರದಿ. ಅದರ 2.4.49 ಆವೃತ್ತಿಯಲ್ಲಿ ದಾರಿಯನ್ನು ಸರಿಪಡಿಸುವ ಕೋಡನ್ನು ಬದಲಾಯಿಸಿದ್ದರು. ಎರಡು ಚುಕ್ಕಿಯಲ್ಲಿ ಎರಡನೆಯದನ್ನು ಮಾತ್ರ ಮುಚ್ಚಿ .%2ಇ/ ಅಂತ ಕಳಿಸಿದರೆ ಹೊಸ ಕೋಡಿಗೆ ಗೊತ್ತಾಗುತ್ತಿರಲಿಲ್ಲ. 2021ರ ಅಕ್ಟೋಬರ್ 4ಕ್ಕೆ 2.4.50 ಬಂತು. ಎರಡು ಸಲ ಮುಚ್ಚಿದರೆ ಅದೂ ಸಾಲದು ಅಂತ ಗೊತ್ತಾಗಿ, ಅಕ್ಟೋಬರ್ 7ಕ್ಕೆ 2.4.51 ಬಿಡಬೇಕಾಯ್ತು. ಅಪಾಚೆ ಬರೆಯುವಂಥ ನುರಿತವರೇ ಮೊದಲ ಸಲಕ್ಕೆ ಪೂರ್ತಿ ಸೋಸಲಾಗಲಿಲ್ಲ ಅಂದಮೇಲೆ, ನಮ್ಮ ಒಂದು ಸಾಲಿನ ರಿಪ್ಲೇಸ್ ಯಾವ ಲೆಕ್ಕ?

ಲೈಬ್ರರಿ ನೋಡಿಕೊಳ್ಳುತ್ತೆ ಬಿಡು

"ಅದನ್ನೆಲ್ಲ ಲೈಬ್ರರಿ ನೋಡಿಕೊಳ್ಳುತ್ತೆ ಬಿಡು" ಅನ್ನೋದು ಪ್ರಾಜೆಕ್ಟ್ ರೂಮಿನಲ್ಲಿ ದಿನಾ ಕೇಳುವ ಮಾತು. ಕೆಲವು ನೋಡಿಕೊಳ್ಳುತ್ತವೆ, ಕೆಲವು ನೀವೇ ನೋಡಿಕೊಳ್ಳಿ ಅನ್ನುತ್ತವೆ. ಯಾವುದು ಯಾವ ಥರದ್ದು ಅಂತ ತಿಳಿಯದಿದ್ದರೆ ತೂತು ಇಬ್ಬರ ನಡುವೆ ಉಳಿದುಬಿಡುತ್ತೆ.

ಪೈಥಾನಿನ ಟಾರ್‌ಫೈಲ್ ಇದಕ್ಕೆ ಒಳ್ಳೇ ಉದಾಹರಣೆ. ಟಾರ್ ಕಟ್ಟಿನೊಳಗಿನ ಫೈಲಿಗೆ ../../ ಅಂತ ಶುರುವಾಗುವ ಹೆಸರಿದ್ದರೆ, ಬಿಚ್ಚುವಾಗ ಅದು ನಾವು ಹೇಳಿದ ಫೋಲ್ಡರಿನ ಆಚೆ ಹೋಗಿ ಕೂರುತ್ತಿತ್ತು. ಇದನ್ನು 2007ರಲ್ಲೇ ಎತ್ತಿ ತೋರಿಸಿದ್ದರು. ಆಗ ಕೋಡು ಬದಲಾಗಲಿಲ್ಲ. ನಂಬಿಕೆ ಇಲ್ಲದ ಕಡೆಯಿಂದ ಬಂದ ಕಟ್ಟನ್ನು ನೋಡದೆ ಬಿಚ್ಚಬೇಡಿ ಅನ್ನೋ ಎಚ್ಚರಿಕೆ ದಾಖಲೆಗೆ ಸೇರಿತು, ಅಷ್ಟೇ. 2022ರಲ್ಲಿ ಟ್ರೆಲಿಕ್ಸ್ ಸಂಸ್ಥೆಯ ಸಂಶೋಧಕರು ಅದೇ ದೋಷವನ್ನು ಮತ್ತೆ ಎಡವಿ, ಲೆಕ್ಕವಿಲ್ಲದಷ್ಟು ಪ್ರಾಜೆಕ್ಟುಗಳು ಆ ಎಚ್ಚರಿಕೆಯನ್ನು ಓದದೇ ಬಳಸುತ್ತಿರೋದನ್ನು ತೋರಿಸಿದರು. 2023ರ ಪೈಥಾನ್ 3.12ರಲ್ಲಿ ಫಿಲ್ಟರ್ ಹಾಕುವ ಅವಕಾಶ ಬಂತು. ಸುರಕ್ಷಿತ ಫಿಲ್ಟರ್ ತಾನಾಗಿಯೇ ಜಾರಿಯಾಗಿದ್ದು 3.14ರಲ್ಲಿ. 2018ರಲ್ಲಿ ಸ್ನಿಕ್ ಸಂಸ್ಥೆ 'ಜಿಪ್ ಸ್ಲಿಪ್' ಅಂತ ಹೆಸರಿಟ್ಟು ಹೊರಗೆಡವಿದ್ದೂ ಇದೇ ರೋಗ, ಬೇರೆ ಬೇರೆ ಭಾಷೆಗಳ ಲೈಬ್ರರಿಗಳಲ್ಲಿ. ಇಲ್ಲಿ ಅಪಾಯ ಬರೀ ಓದೋದಲ್ಲ, ಬರೆಯೋದು. ನಿಮ್ಮ ಕೋಡಿನ ಮೇಲೇ ಬೇರೆಯವರು ಫೈಲು ಬರೆದುಬಿಡಬಹುದು.

ಇನ್ನೊಂದು ಕಥೆ 2019ರ ಮಾರ್ಚಿನದ್ದು, ರೂಬಿ ಆನ್ ರೈಲ್ಸ್‌ನದ್ದು. ಅಲ್ಲಿ ಬಳಕೆದಾರ ಫೈಲ್ ಹೆಸರು ಬರೆಯುವ ಪೆಟ್ಟಿಗೆಯೇ ಬೇಕಿರಲಿಲ್ಲ. ಪ್ರೋಗ್ರಾಮರ್ ತಾನೇ ನಿಗದಿ ಮಾಡಿದ ಒಂದು ಫೈಲನ್ನು ರೆಂಡರ್ ಮಾಡು ಅಂದಿದ್ದರೂ ಸಾಕಿತ್ತು. ಬ್ರೌಸರ್ ಕಳಿಸುವ ಆಕ್ಸೆಪ್ಟ್ ಹೆಡರಿನ ಪಠ್ಯವನ್ನು ಲೈಬ್ರರಿ ಒಳಗೊಳಗೇ ಫೈಲ್ ಹುಡುಕಲು ಬಳಸುತ್ತಿತ್ತು. ಅದರಲ್ಲಿ ../ ತುಂಬಿದರೆ ಸರ್ವರಿನ ಬೇರೆ ಫೈಲು ಹೊರಬರುತ್ತಿತ್ತು. ಒಳಬರುವ ಮಾಹಿತಿ ಅಂದರೆ ಫಾರಂ ಮಾತ್ರ ಅಲ್ಲ. ಹೆಡರ್, ಕುಕಿ, ಜಿಪ್ ಒಳಗಿನ ಹೆಸರು, ಎಲ್ಲವೂ ಹೊರಗಿನದ್ದೇ.

ಆದ್ದರಿಂದ ಎರಡು ಕೆಲಸ. ಲೈಬ್ರರಿಯ ಫಂಕ್ಷನ್ ಬಳಸುವ ಮುಂಚೆ ಅದರ ದಾಖಲೆಯ ಎಚ್ಚರಿಕೆ ಸಾಲುಗಳನ್ನು ಓದಿ. ಆವೃತ್ತಿಯನ್ನು ಹೊಸದಾಗಿ ಇಟ್ಟುಕೊಳ್ಳಿ. ಸೀನಿಯರ್ ಕೊಟ್ಟ ರಿಪೋದಲ್ಲಿ ಮೂರು ವರ್ಷದ ಹಿಂದಿನ ಆವೃತ್ತಿ ಇರುತ್ತೆ, ಅದನ್ನೇ ಜೂನಿಯರ್‌ಗೆ ದಾಟಿಸ್ತೀವಿ. ಅದರ ಜೊತೆ ತೂತೂ ದಾಟುತ್ತೆ.

ನಾವು ಸರಿ ಮಾಡಿದ ಕ್ರಮ

ಮೊದಲನೇದು, ಹೆಸರನ್ನು ದಾರಿಯಿಂದ ಬಿಡಿಸಿದೆವು. ಈಗ ಡಿಸ್ಕಿನಲ್ಲಿ ಪ್ರತಿ ಸಂಚಿಕೆಗೆ ನಾವೇ ಕೊಟ್ಟ ಸಂಖ್ಯೆ: 1, 2, 3. 'ಯುಗಾದಿ ಸಂಚಿಕೆ' ಅನ್ನೋ ಚಂದದ ಹೆಸರು ಡೇಟಾಬೇಸಿನಲ್ಲಿ ಇರುತ್ತೆ. ಓದುಗ ಕಳಿಸೋದು ಸಂಖ್ಯೆ ಮಾತ್ರ. ಅದು ಪೂರ್ಣಾಂಕ ಅಲ್ಲದಿದ್ದರೆ ಅಲ್ಲೇ ತಿರಸ್ಕಾರ. ಚುಕ್ಕಿ, ಗೆರೆ ಬರೆಯೋಕೆ ಜಾಗವೇ ಇಲ್ಲ. ಡೌನ್‌ಲೋಡ್ ಆಗುವಾಗ ಸೆಂಡ್_ಫೈಲ್‌ನ ಡೌನ್‌ಲೋಡ್_ನೇಮ್‌ಗೆ ಕನ್ನಡ ಹೆಸರು ಕೊಟ್ಟರೆ ಓದುಗನಿಗೆ ಕನ್ನಡದ್ದೇ ಸಿಗುತ್ತೆ.

ಕನ್ನಡಕ್ಕೆ ಇದರಿಂದ ಇನ್ನೂ ಎರಡು ಲಾಭ. ಲಿನಕ್ಸಿನಲ್ಲಿ ಫೈಲ್ ಹೆಸರಿನ ಮಿತಿ ಸಾಮಾನ್ಯವಾಗಿ 255 ಬೈಟು. ಕನ್ನಡದ ಪ್ರತಿ ಸಂಕೇತ 3 ಬೈಟು, ಒತ್ತು ಗುಣಿತಗಳಿಗೂ ಬೇರೆ ಸಂಕೇತ, ಅಂದರೆ 85 ಸಂಕೇತಕ್ಕೇ ಹೆಸರು ಮುಗೀತು. ಜೊತೆಗೆ 'ೋ' ಥರದ ಸ್ವರಚಿಹ್ನೆಯನ್ನು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿಸಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ಸಂಖ್ಯೆ ಇಟ್ಟರೆ ಈ ತಲೆನೋವೂ ಇಲ್ಲ.

ಎರಡನೇದು, ಹೆಸರನ್ನೇ ಬಳಸಲೇಬೇಕಾದ ಕಡೆ ಅಕ್ಷರಗಳನ್ನು ತೊಳೆಯುತ್ತಾ ಕೂರಬೇಡಿ. ದಾರಿಯನ್ನು ಪೂರ್ತಿ ಬಿಡಿಸಿ, ಕೊನೆಗೆ ಎಲ್ಲಿಗೆ ತಲುಪುತ್ತೆ ಅಂತ ನೋಡಿ:

ಮೂಲ = ಪಾತ್("/ಸಂಘ/ಸಂಚಿಕೆಗಳು").ರಿಸಾಲ್ವ್()
ಗುರಿ = (ಮೂಲ / ಹೆಸರು).ರಿಸಾಲ್ವ್()
ಇಫ್ ನಾಟ್ ಗುರಿ.ಈಸ್_ರಿಲೇಟಿವ್_ಟು(ಮೂಲ): ಅಬಾರ್ಟ್(404)

ಕ್ಯಾತ್ಸಂದ್ರದಿಂದ ಹೊರಟವನು ಯಾವ ಗಲ್ಲಿ ಹಿಡಿದ ಅನ್ನೋದು ಬೇಡ, ಕೊನೆಗೆ ಕ್ಯಾತ್ಸಂದ್ರದೊಳಗೇ ಇದ್ದಾನಾ ಅನ್ನೋದು ಮುಖ್ಯ. ರಿಸಾಲ್ವ್ ಸಿಂಬಾಲಿಕ್ ಲಿಂಕುಗಳನ್ನೂ ಬಿಡಿಸುತ್ತೆ. ಇಲ್ಲಿ ಸ್ಟಾರ್ಟ್ಸ್‌ವಿತ್ ಬಳಸುವ ಆಸೆ ಆಗುತ್ತೆ, ಬೇಡ. "/ಸಂಘ/ಸಂಚಿಕೆಗಳು" ಇಂದ ಶುರುವಾಗುತ್ತಾ ಅಂತ ಅಕ್ಷರ ಹೋಲಿಸಿದರೆ "/ಸಂಘ/ಸಂಚಿಕೆಗಳು-ಕರಡು" ಕೂಡ ಪಾಸಾಗುತ್ತೆ. ಫ್ಲಾಸ್ಕ್‌ನಲ್ಲಿ ಸೆಂಡ್_ಫೈಲ್ ಬದಲು ಸೆಂಡ್_ಫ್ರಂ_ಡೈರೆಕ್ಟರಿ ಬಳಸಿದರೆ ಹೊರಗೆ ಹೋಗುವ ಹೆಸರುಗಳನ್ನು ಅದೇ ತಡೆದು 404 ಕೊಡುತ್ತೆ.

ಮೂರನೇದು, ತಪ್ಪು ಮತ್ತೆ ಆಗುತ್ತೆ ಅಂತಲೇ ಅಂದುಕೊಂಡು ಸಿದ್ಧರಾಗಿ. ತಾಣ ಓಡಿಸುವ ಲಿನಕ್ಸ್ ಬಳಕೆದಾರನಿಗೆ ಸಂಚಿಕೆಗಳ ಫೋಲ್ಡರ್ ಓದುವ ಹಕ್ಕು ಸಾಕು, ರೂಟ್ ಆಗಿ ಓಡಿಸಲೇಬೇಡಿ. ಗುಟ್ಟಿನ ಪಟ್ಟಿಯನ್ನು ಆ ಸರ್ವರಿನಿಂದಲೇ ತೆಗೆದೆವು. ಅಲ್ಲಿ ಇಲ್ಲದ್ದನ್ನು ಯಾವ ಚುಕ್ಕಿಯೂ ತೆಗೆದುಕೊಡಲ್ಲ.

ಎಲ್ಲಿ ಅಭ್ಯಾಸ ಮಾಡಬೇಕು

ಇದನ್ನು ಓದಿದ ತಕ್ಷಣ ಫಲಿತಾಂಶದ ತಾಣದ ಮೇಲೋ ಯಾವುದೋ ಇಲಾಖೆಯ ತಾಣದ ಮೇಲೋ ../ ಹಾಕಿ ನೋಡುವ ಕೈ ತುರಿಕೆ ಬರುತ್ತೆ. ಬೇಡ. ಅನುಮತಿ ಇಲ್ಲದೆ ಬೇರೆಯವರ ಕಂಪ್ಯೂಟರಿನಿಂದ ಮಾಹಿತಿ ತೆಗೆಯೋದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43 ಮತ್ತು 66ನೇ ಸೆಕ್ಷನ್‌ಗಳ ಕೆಳಗೆ ಬರುತ್ತೆ. ಶಿಕ್ಷೆ 3 ವರ್ಷದವರೆಗೆ ಜೈಲು, ಅಥವಾ 5 ಲಕ್ಷದವರೆಗೆ ದಂಡ, ಅಥವಾ ಎರಡೂ. "ಸುಮ್ಮನೆ ನೋಡ್ದೆ ಸಾರ್" ಅನ್ನೋದು ಅಲ್ಲಿ ನಡೆಯಲ್ಲ. ಅಕಸ್ಮಾತ್ ಏನಾದರೂ ಕಣ್ಣಿಗೆ ಬಿದ್ದರೆ ಅಲ್ಲೇ ನಿಲ್ಲಿಸಿ, ತಾಣದವರಿಗೋ ಸರ್ಟ್-ಇನ್‌ಗೋ ತಿಳಿಸಿ. ಅಭ್ಯಾಸಕ್ಕೆ ಪೋರ್ಟ್‌ಸ್ವಿಗ್ಗರ್ ಅವರ ವೆಬ್ ಸೆಕ್ಯುರಿಟಿ ಅಕಾಡೆಮಿಯಲ್ಲಿ ಈ ವಿಷಯದ ಲ್ಯಾಬುಗಳು ಪುಕ್ಕಟೆ ಸಿಗುತ್ತವೆ. ನಮ್ಮ ಹುಡುಗಿ ....// ಕಲಿತದ್ದೂ ಅಲ್ಲೇ. ಅವಳು ಪರೀಕ್ಷಿಸಿದ್ದು ತನ್ನದೇ ಸಂಘದ ತಾಣ, ತೋರಿಸಿದ್ದು ಕಟ್ಟಿದವರಿಗೇ.

ಕೊನೆಗೆ ಒಂದು ಮಾತು, ಒಂದು ಮನೆಗೆಲಸ

ಆ ರಾತ್ರಿ ಹಾಸ್ಟೆಲಿಗೆ ಬಂದು ಸರ್ವರಿನ ಲಾಗ್ ಪೂರ್ತಿ ಓದಿದೆವು. ಆ ಪಟ್ಟಿ ಹೋಗಿದ್ದು ಒಂದೇ ಸಲ, ಅವಳ ಮೊಬೈಲಿಗೆ. ಯಾರಿಗೂ ಹೇಳದೆ ಮುಚ್ಚಿಡಬಹುದಿತ್ತು. ಆದರೆ ಮಾತು ಕೊಟ್ಟಿದ್ದು ನಾವು. ಮಾರನೇ ದಿನ ಗುಪ್ತನಾಮದ ಬರಹಗಾರರನ್ನು ಒಬ್ಬೊಬ್ಬರಾಗಿ ಕಂಡು ನಡೆದದ್ದನ್ನು ಹೇಳಿದೆವು. ಹೆಚ್ಚಿನವರು ಪರವಾಗಿಲ್ಲ ಅಂದರು. ಒಬ್ಬರು ತಮ್ಮ ಬರಹ ವಾಪಸ್ ಕೇಳಿದರು. ಕೊಟ್ಟೆವು, ಯಾಕೆ ಅಂತ ಕೇಳಲಿಲ್ಲ. ಪಟ್ಟಿ ಈಗ ಒಂದು ನೋಟ್‌ಬುಕ್ಕಿನಲ್ಲಿದೆ, ನೋಟ್‌ಬುಕ್ ಬೀಗದ ಬೀರುವಿನಲ್ಲಿದೆ.

ಮನೆಗೆಲಸ ಇಷ್ಟೇ. ನಿಮ್ಮ ಮಿನಿ ಪ್ರಾಜೆಕ್ಟ್ ತೆಗೆಯಿರಿ. ಓಪನ್, ಜಾಯಿನ್, ಸೆಂಡ್_ಫೈಲ್, ಎಕ್ಸ್‌ಟ್ರಾಕ್ಟ್ ಅನ್ನೋ ನಾಲ್ಕು ಪದ ಹುಡುಕಿ. ಸಿಕ್ಕ ಪ್ರತಿ ಸಾಲಿನಲ್ಲೂ ಕೇಳಿ: ಇದರೊಳಗೆ ಹೋಗುತ್ತಿರುವ ಅಕ್ಷರಗಳನ್ನು ಬರೆದವರು ನಾವಾ, ಹೊರಗಿನವರಾ? ಹೊರಗಿನವರು ಅಂತಾದರೆ, ಅದು ಕೊನೆಗೆ ತಲುಪುವ ಜಾಗ ನೋಡುವ ಸಾಲು ಅದರ ಮುಂದೆ ಇದೆಯಾ? ಇಲ್ಲದಿದ್ದರೆ ಇವತ್ತೇ ಬರೆಯಿರಿ. ಸಿಕ್ಕ ತೂತಿನ ಕಥೆ ಹೇಳಿಕೊಳ್ಳಬಹುದು ಅನ್ನಿಸಿದರೆ ಮುಂದಿನ ಸಂಚಿಕೆಗೆ ಕಳಿಸಿ. ಹೆಸರು ಹಾಕಬೇಡಿ ಅಂದರೆ ಹಾಕಲ್ಲ.